ಕೊನೆಯ ಮೂರು ಅಂಕಿಗಳು

ಇದನ್ನು ಮೊದಲ ಸಲ ಬರೆದಾಗ ನಾನು ಮಳೆ ಸುರಿಸಿದ್ದೆ. ಕೆರೆಯ ದಂಡೆ, ತುಂತುರು, ಒದ್ದೆಯಾದ ಫೋನು, ಅದನ್ನು ಸೆರಗಿನಿಂದ ಒರೆಸುತ್ತ ನಿಂತ ನಾನು. ಓದಲು ಚೆನ್ನಾಗಿಯೇ ಇತ್ತು. ಆದರೆ ಅದು ಮಾರ್ಚ್ ತಿಂಗಳು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮಳೆಯನ್ನು ಹೊಡೆದು ಹಾಕಿದೆ. ಹೀಗೆ ಹೊಡೆದು ಹಾಕಬೇಕಾದದ್ದು ಇನ್ನೂ ಎಷ್ಟಿದೆಯೋ ತಿಳಿಯದು. ಅನುಮಾನ ಬಂದ ಕಡೆ, ಬಂದಿದೆ ಎಂದು ಬರೆದು ಮುಂದೆ ಹೋಗುತ್ತೇನೆ.

ಅನುಮಾನವಿಲ್ಲದ್ದು ಪೆಟ್ಟಿಗೆ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ತಗಡಿನದು, ಹಸಿರು ಬಣ್ಣದ್ದು. ಅದನ್ನು ಮಾಡಿದವರು ನನ್ನ ಗೆಳತಿಯ ಗಂಡ. ಕೊಟ್ಟೂರಿನಲ್ಲಿ ಅವರದು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ. ಗೆಳತಿ ಮತ್ತು ನಾನು ಅದೇ ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇವೆ. ಅವಳದು ಗಣಿತ, ನನ್ನದು ಕನ್ನಡ.

ಜಿಯೊಕ್ಯಾಶ್ ಎಂಬ ಆಟದ ಬಗ್ಗೆ ಅವಳು ಫೋನಿನಲ್ಲಿ ಓದಿಕೊಂಡಿದ್ದಳು. ಎಲ್ಲೋ ಒಂದು ಕಡೆ ಸಣ್ಣ ಪೆಟ್ಟಿಗೆ ಬಚ್ಚಿಡುವುದು; ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕಗಳ ಒಳಗೆ ಬಚ್ಚಿಡುವುದು; ಲೆಕ್ಕ ಬಿಡಿಸಿದವರು ಫೋನಿನ ನಕ್ಷೆ ಹಿಡಿದು ಹೋಗಿ ಪೆಟ್ಟಿಗೆ ಹುಡುಕುವುದು. ಬೇಸಿಗೆ ರಜೆಯಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗಿಯರಿಗೆ ಇದನ್ನು ಆಡಿಸಬೇಕೆಂದು ಅವಳ ಆಸೆ. ಡಿಸೆಂಬರಿನಲ್ಲಿ ಒಂದು ಭಾನುವಾರ ಪೆಟ್ಟಿಗೆ ಹಾಕಿಕೊಂಡು ಸ್ಕೂಟಿಯಲ್ಲಿ ಒಬ್ಬಳೇ ಹೋಗಿ ಎಲ್ಲೋ ಇಟ್ಟು ಬಂದಳು. ಎಲ್ಲಿ ಎಂದು ಗಂಡನಿಗೂ ಹೇಳಲಿಲ್ಲ. ಲೆಕ್ಕವನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದಳು. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ.

ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಜ್ವರ ಇಳಿಯುವ ಹೊತ್ತಿಗೆ ಮಾತು ತಪ್ಪತೊಡಗಿತು. ದಾವಣಗೆರೆಗೆ ಕರೆದೊಯ್ದಾಗ ರಕ್ತದಲ್ಲಿ ಸೋಡಿಯಂ ತೀರಾ ಇಳಿದಿದೆ ಎಂದರು. ಕೆಲವು ದಿನ ಅವಳು ನರ್ಸಿಗೆ ಹೋಂವರ್ಕ್ ಎಲ್ಲಿ ಎಂದು ಕೇಳಿದಳಂತೆ, ಗಂಡನನ್ನು ಅಣ್ಣಾ ಎಂದು ಕರೆದಳಂತೆ. ಆಮೇಲೆ ಸರಿಹೋದಳು. ಆದರೆ ಜ್ವರಕ್ಕೆ ಹಿಂದಿನ ಒಂದು ತಿಂಗಳಿನಷ್ಟು ಕಾಲ ಅವಳಲ್ಲಿ ಉಳಿಯಲಿಲ್ಲ. ಪೆಟ್ಟಿಗೆ ಮಾಡಿಸಿದ್ದು ನೆನಪಿತ್ತು, ಇಟ್ಟ ಜಾಗ ನೆನಪಿರಲಿಲ್ಲ.

ಮನೆಗೆ ಬಂದ ಮೇಲೆ ನಾನು ನೋಡಲು ಹೋದೆ. ಅವಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಿತ್ತಳೆ ಹಣ್ಣು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

"ಲೇ, ಡಿಸೆಂಬರ್‌ನಾಗ ನಿನಗ ಲೆಕ್ಕ ಕಳಿಸೀನಂತ, ನಮ್ಮನಿಯವ್ರು ಹೇಳಿದ್ರು. ಐತೇನು?"

"ಐತಿ."

"ಬಿಡಿಸಿದ್ಯಾ?"

"ಕನ್ನಡ ಟೀಚರಿಗೆ ಲೆಕ್ಕ ಕಳಿಸಿದ್ರ ಯಾರು ಬಿಡಿಸ್ತಾರ?"

"ಈಗ ಬಿಡಿಸು. ನಾ ನೋಡಂಗಿಲ್ಲ. ನನ್ನ ಮುಂದ ಓದಲೂ ಬ್ಯಾಡ. ಬಿಡಿಸಿ, ಹೋಗಿ, ಪೆಟ್ಟಿಗಿ ತಗೊಂಡು ಬಾ."

"ಯಾಕ, ಒಳಗ ಬಂಗಾರ ಇಟ್ಟೀಯೇನು?"

ಅವಳು ನಗಲಿಲ್ಲ. "ಲೆಕ್ಕ ಸರಿ ಇದ್ರ ಪೆಟ್ಟಿಗಿ ಸಿಗತತಿ. ಸಿಗಲಿಲ್ಲ ಅಂದ್ರ, ಜ್ವರ ಬರೋಕಿಂತ ಮೊದಲ ನನ್ನ ತಲಿ ಕೆಟ್ಟಿತ್ತು ಅಂದಂಗಾತು. ಆಗ ನಾನು ದಿನಾ ಸಾಲಿಗೆ ಬರ್ತಿದ್ದೆ, ಬೋರ್ಡಿನ ಮ್ಯಾಲೆ ಬರೀತಿದ್ದೆ, ಆರಾಮದೀನಿ ಅಂತ ತಿಳಕೊಂಡಿದ್ದೆ. ತಪ್ಪು ಬರೆದಿದ್ರೂ ನನಗ ಗೊತ್ತಾಗಂಗಿಲ್ಲ ಅಂದ್ರ, ಜೂನ್‌ನಾಗ ಮತ್ತ ಆ ಹುಡುಗ್ಯಾರ ಮುಂದ ಹೆಂಗ ನಿಂದರ್ಲಿ?"

ಡಾಕ್ಟರು ಏನನ್ನುತ್ತಾರೆ ಎಂದು ಕೇಳಿದೆ. ರಕ್ತದ ರಿಪೋರ್ಟು ಸರಿಯಿದೆ ಅನ್ನುತ್ತಾರೆ, ರಿಪೋರ್ಟಿಗೆ ಭಾಗಾಕಾರ ಬರುತ್ತದೆಯೇ ಎಂದಳು. ಇನ್ನೊಬ್ಬರ ಸಮಾಧಾನ ಅವಳಿಗೆ ಬೇಕಿರಲಿಲ್ಲ. ನೆನಪಿಲ್ಲದ ದಿನಗಳಲ್ಲಿ ತಾನು ಮಾಡಿದ ಒಂದು ಕೆಲಸ ಹೊರಗೆಲ್ಲೋ ಕಲ್ಲಿನ ಹಾಗೆ ಕೂತಿದೆ, ಅದೇ ಹೇಳಲಿ ಎಂಬುದು ಅವಳ ಹಟ.

ನಾನು ಲೆಕ್ಕ ಬಿಡಿಸಿದ್ದು ವೆಲ್ಡಿಂಗ್ ಅಂಗಡಿಯಲ್ಲಿ. ಅವಳ ಗಂಡ ಒಂದು ಗೇಟಿನ ಮೇಲೆ ಬಾಗಿದ್ದರು. ಕಿಡಿ ನಿಂತಾಗ ಮಾತು, ಕಿಡಿ ಹಾರುವಾಗ ನನ್ನ ಗುಣಾಕಾರ. ಡಿಗ್ರಿಗಳನ್ನೂ ಮಿನಿಟುಗಳನ್ನೂ ಅವಳೇ ಕೊಟ್ಟಿದ್ದಳು. ಉತ್ತರಕ್ಕೆ ಮೂರು, ಪೂರ್ವಕ್ಕೆ ಮೂರು, ಮಿನಿಟಿನ ದಶಾಂಶ ಚುಕ್ಕಿಯ ಮುಂದಿನ ಕೊನೆಯ ಅಂಕಿಗಳನ್ನು ಮಾತ್ರ ಬಚ್ಚಿಟ್ಟಿದ್ದಳು.

ಪೂರ್ವದ ಲೆಕ್ಕ: ಕೊಟ್ಟೂರಿನಿಂದ ಹರಪನಹಳ್ಳಿಗೆ ಒಂದು ಬಸ್ಸು ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ಹೋಗಿ, ಅದೇ ದಾರಿಯಲ್ಲಿ ಅರವತ್ತರಂತೆ ಮರಳಿತು. ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು? ಅದರ ಮುಂದೆ, ಎರಡರಿಂದ ಭಾಗಿಸಿದರೂ ಮೂರರಿಂದ ಭಾಗಿಸಿದರೂ ಒಂದು ಉಳಿಯುವ, ಒಂದಕ್ಕಿಂತ ದೊಡ್ಡದಾದ ಅತಿ ಚಿಕ್ಕ ಸಂಖ್ಯೆಯನ್ನು ಬರೆಯಿರಿ.

"ನಲವತ್ತೈದು," ಎಂದರು ಅವರು. "ಇದರಾಗ ಕೇಳೋದೇನೈತ್ರಿ?"

ನಲವತ್ತೈದು ಎಂದು ಮೊದಲು ಅಂದದ್ದು ನಾನೇ ಇರಬಹುದು. ಅವರು ಅಂದರು ಎಂದು ನೆನಪು ಹೇಳುತ್ತದೆ, ಆದರೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷದ್ದು. ಅಂತೂ ದಾರಿ ಮೂವತ್ತು ಕಿಲೋಮೀಟರ್ ಎಂದಿಟ್ಟುಕೊಂಡು ನೋಡಿದೆವು. ಹೋಗಲು ಒಂದು ಗಂಟೆ, ಬರಲು ಅರ್ಧ ಗಂಟೆ. ಅರವತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ. ಸರಾಸರಿ ನಲವತ್ತು. ನಿಧಾನವಾಗಿ ಹೋದ ದಾರಿಯಲ್ಲಿ ಬಸ್ಸು ಹೆಚ್ಚು ಹೊತ್ತು ಇತ್ತು, ಅದಕ್ಕೇ ಸರಾಸರಿ ಆ ಕಡೆ ವಾಲಿತು. ಮುಂದಿನ ಅಂಕಿ ಏಳು. ನಾನೂರ ಏಳು.

"ಈ ರೋಡಿನಾಗ ಯಾವ ಬಸ್ಸು ಅರವತ್ತರಾಗ ಬರ್ತತ್ರಿ?" ಎಂದು ಅವರು ತಕರಾರು ತೆಗೆದರು. "ಲೆಕ್ಕನ ಸುಳ್ಳು."

ಉತ್ತರದ ಲೆಕ್ಕ ಅವಳ ಮಾತಿನಲ್ಲೇ ಹೀಗಿತ್ತು: ನನ್ನ ತವರಿನ ಹೊಲ 2.20. ಅಣ್ಣನಿಗೆ ಎರಡು ಪಾಲು, ಅಕ್ಕನಿಗೊಂದು, ನನಗೊಂದು. ನನ್ನ ಪಾಲು ಎಷ್ಟು ಎಕರೆ? ದಶಾಂಶದ ಮೂರು ಸ್ಥಾನ ಬರೆಯಿರಿ.

"ನಮ್ಮ ಮುಸ್ಲಿಮರಾಗ ಹಂಗ್ರಿ, ಗಂಡಿಗೆ ಎರಡು, ಹೆಣ್ಣಿಗೆ ಒಂದು," ಎಂದು ವಿವರಿಸಿದ ಅವರು ನಕ್ಕರು. "ನೋಡ್ರಿ ಅಕ್ಕಾರ, ಮದುವಿಯಾಗಿ ಇಷ್ಟು ವರ್ಷ ಆತು, ಮಾವನ ಹೊಲ ಎಷ್ಟೈತಿ ಅಂತ ಇವತ್ತು ಗೊತ್ತಾತು. ಕೇಳಿದ್ರ ಏನ್ ತಿಳಕೊಂತಾರೋ ಅಂತ ಕೇಳೇ ಇರಲಿಲ್ಲ."

ನಾಲ್ಕು ಪಾಲು. ಎರಡು ಪಾಯಿಂಟ್ ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿದರೆ ಪಾಯಿಂಟ್ ಐವತ್ತೈದು. ಮೂರು ಸ್ಥಾನಕ್ಕೆ ಐದುನೂರ ಐವತ್ತು. ಅಂಕಿಗಳನ್ನು ಫೋನಿಗೆ ಹಾಕಿದೆ. ನಕ್ಷೆ ಸರಿದು ಸರಿದು ಚಿಗಟೇರಿ ಕಡೆಯ ರಸ್ತೆಗೆ ಬಂದು, ರಸ್ತೆ ಬಿಟ್ಟು, ಒಂದು ನೀಲಿ ಬಣ್ಣದ ನಡುವೆ ನಿಂತಿತು. ಫೋನಿನ ನಕ್ಷೆ ಅಲ್ಲವೇ, ನೀರಿಲ್ಲದ ಕಡೆಯೂ ನೀಲಿ ತೋರಿಸುತ್ತದೆ, ಹೋಗಿ ನೋಡೋಣ ಎಂದರು ಅವರು. ಅಂಗಡಿಯ ಲಗೇಜ್ ಆಟೊದಲ್ಲಿ ಹೋದೆವು.

ನೀರಿತ್ತು. ಹಿಂದಿನ ಮಳೆಗಾಲ ಚೆನ್ನಾಗಿ ಹಿಡಿದಿದ್ದರಿಂದ ಸಣ್ಣ ಕೆರೆಯಾದರೂ ಅರ್ಧದಷ್ಟು ತುಂಬಿತ್ತು. ಕೆರೆಯ ಏರಿ ಆಚೆ ದಡದಲ್ಲಿತ್ತು, ನಾವು ರಸ್ತೆ ಬದಿಯ ದಂಡೆಯಲ್ಲಿ. ಫೋನಿನ ಚುಕ್ಕಿ ನಮ್ಮ ಮುಂದೆ, ನೀರಿನೊಳಗೆ.

"ಆ ಕೊಕ್ಕರಿ ನಿಂತೈತಲ್ರಿ, ಅದಕ್ಕಿಂತ ಆಚಿ," ಎಂದು ಅವರು ಬೆರಳು ಮಾಡಿ ತೋರಿಸಿದರು.

ಫೋನು ಸ್ವಲ್ಪ ಆಚೀಚೆ ತೋರಿಸಬಹುದೆಂದು ದಂಡೆಯ ಕಲ್ಲುಗಳನ್ನು ಸರಿಸಿ ನೋಡಿದೆವು. ಜಾಲಿಯ ಬುಡಗಳಲ್ಲಿ ಇಣುಕಿದೆವು. ನೀರು ಬತ್ತಿದ ಮೇಲೆ ಕೆಸರಿನಲ್ಲಿ ನೋಡಬಹುದೇ ಎಂದೂ ಮಾತಾಡಿಕೊಂಡೆವು. ಆದರೆ ಅವಳು ಪೆಟ್ಟಿಗೆ ಇಟ್ಟ ಡಿಸೆಂಬರಿನಲ್ಲಿ ನೀರು ಇನ್ನೂ ಹೆಚ್ಚಿದ್ದಿರಬೇಕು. ನೀರಿನ ನಡುವೆ ಯಾರೂ ಪೆಟ್ಟಿಗೆ ಇಡುವುದಿಲ್ಲ. ತಲೆ ನೆಟ್ಟಗಿರುವವರು ಇಡುವುದಿಲ್ಲ. ಈ ಎರಡನೇ ವಾಕ್ಯವನ್ನು ನಾವಿಬ್ಬರೂ ಬಾಯಿಬಿಟ್ಟು ಅನ್ನಲಿಲ್ಲ.

ಆಟೊ ಹತ್ತುವ ಮುಂಚೆ ಅವರು ಕೈಗೆ ಅಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೇಳಿದರು: "ಅಂಥಾದ್ದ ಇನ್ನೊಂದು ಮಾಡ್ತೀನ್ರಿ ಅಕ್ಕಾರ. ಅದ ತಗಡು, ಅದ ಬಣ್ಣ. ಸಿಕ್ಕತು ಅಂತ ಕೈಗೆ ಕೊಡೋಣು. ಆಕಿ ಜೂನಿಗೆ ಸಾಲಿಗೆ ಹೋಗ್ಲಿ. ಮನ್ಯಾಗ ಹಿಂಗ ಕುಂತ್ರ ನನಗ ನೋಡಾಕ ಆಗವಲ್ದು."

ಬೇಡ ಅಂದವಳು ನಾನು ಎಂದು ಬರೆಯಲು ಕೈ ಹೋಗುತ್ತದೆ. ಹಿಂದಿನ ಕರಡಿನಲ್ಲಿ ಹಾಗೆಯೇ ಬರೆದೂ ಇದ್ದೆ, ಒಂದೆರಡು ಒಳ್ಳೆಯ ಮಾತುಗಳ ಸಮೇತ. ನಿಜ ಏನೆಂದರೆ ನಾನು "ಮಾಡ್ರಿ" ಅಂದೆ ಎಂದು ಕಾಣುತ್ತದೆ. ಮರುಮಾತು ಬಂದದ್ದು ಅವರಿಂದಲೇ. ಸ್ವಲ್ಪ ದೂರ ಬಂದ ಮೇಲೆ, ಎದುರಿನ ರಸ್ತೆಯನ್ನೇ ನೋಡುತ್ತ, "ಆಗಂಗಿಲ್ಲ ಬಿಡ್ರಿ. ಹೊಸಾ ವೆಲ್ಡಿಂಗು ಅಂತ ಕೈಯಾಗ ಹಿಡಿದ ಕೂಡಲೇ ಹೇಳತಾಳ. ಇಷ್ಟು ವರ್ಷ ನನ್ನ ಸಂಗಾಟ ಬಾಳೇ ಮಾಡ್ಯಾಳ," ಎಂದರು.

ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಮ್ಮ ಕೈಗಳನ್ನು ನೋಡಿದಳು. ಖಾಲಿ.

"ಎಲ್ಲಿ ತೋರಿಸ್ತು?"

"ಕೆರಿಯಾಗ," ಎಂದೆ.

"ಕೆರಿ ದಂಡಿ ಮ್ಯಾಲೆ?"

"ನೀರಾಗ."

"ನಿನಗ ಅಣ್ಣಾ ಅಂದಾಗ ನಾನು ಸುಮ್ನಿದ್ದೆ," ಎಂದರು ಗಂಡ, ಹೇಗಾದರೂ ಅವಳನ್ನು ನಗಿಸಬೇಕೆಂದು ಮಾತು ತಡವರಿಸಿ, "ಅಂದ್ರ, ನೀ ನನಗ ಅಣ್ಣಾ ಅಂದಾಗ. ಈಗ ಪೆಟ್ಟಿಗಿ ಸಲುವಾಗಿ ಈಜು ಕಲಿ ಅಂತೀಯೇನು?"

ಅವಳು ನಕ್ಕಳು, ಅವರಿಗಾಗಿ. ಆಮೇಲೆ "ಸರಿ ಬಿಡು" ಎಂದು ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿದಳು. ಲೆಕ್ಕ ಏನಿತ್ತು, ನಾವು ಹೇಗೆ ಬಿಡಿಸಿದೆವು ಎಂದು ಕೇಳಲಿಲ್ಲ. ನಾನು ಫೋನು ಮುಂದೆ ಚಾಚಿದರೆ ಮುಖ ತಿರುಗಿಸಿದಳು. ತನ್ನದೇ ಬರಹವನ್ನು ನೋಡಲು ಅವಳಿಗೆ ಭಯವಿತ್ತು. ಓದಿ ಸರಿ ಎನ್ನಿಸಿದರೆ ಇನ್ನೂ ಭಯ, ತಪ್ಪು ಈಗಲೂ ಕಾಣುತ್ತಿಲ್ಲ ಎಂದಾಗುತ್ತದಲ್ಲ.

ಮುಂದಿನ ವಾರ ಬೋರ್ಡಿನ ಮೇಲೆ ವೃತ್ತ ಬರೆಯುವ ಕಟ್ಟಿಗೆಯ ದೊಡ್ಡ ಕೈವಾರವನ್ನು ನನ್ನ ಕೈಯಲ್ಲಿ ಶಾಲೆಗೆ ಕಳಿಸಿದಳು. ಅದು ಅವಳ ಸ್ವಂತದ್ದು. ಹೊಸದಾಗಿ ಬರುವವರಿಗೆ ಇರಲಿ ಎಂದಳು. ಹೆಡ್‌ಮಾಸ್ತರರು ಕೂಡ್ಲಿಗಿ ಕಡೆಯ ಯಾರನ್ನೋ ವಿಚಾರಿಸುತ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ಹುಟ್ಟಿತು.

ಏಪ್ರಿಲ್‌ನಲ್ಲಿ ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸ ಮುಗಿಸಿ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳು ಅಣ್ಣನ ಜೊತೆ ಫೋನಿನಲ್ಲಿದ್ದಳು. ತವರು ಜಗಳೂರಿನ ಹತ್ತಿರದ ಒಂದು ಹಳ್ಳಿ. ಈ ಸಲ ಹೊಲಕ್ಕೆ ಏನು ಹಾಕುವುದು ಎಂಬ ಮಾತು ನಡೆದಿತ್ತು. ಮನೆಯಲ್ಲಿ ಅವರು ಉರ್ದುವಿನಲ್ಲೇ ಮಾತಾಡುತ್ತಾರೆ. ನನಗೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ನಾನು ಫ್ಯಾನಿನ ಕೆಳಗೆ ಕೂತು ನೀರು ಕುಡಿಯುತ್ತಿದ್ದೆ. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನನ್ನ ಇಪ್ಪತ್ತೈದು ಗುಂಟಿಗೂ ಮೆಕ್ಕಿಜೋಳ ಹಾಕ್ಲೇನು ಅಂತ ಕೇಳ್ತಾನ. ಇಷ್ಟು ವರ್ಷ ಕೇಳದಾಂವ ಈಗ ಕೇಳ್ತಾನ, ಆರಾಮಿಲ್ಲ ಅಂತ ಮರ್ಯಾದಿ ಕೊಡಾಕತ್ಯಾನ," ಎಂದಳು.

"ಎಷ್ಟು ಅಂದಿ?"

"ಏನು?"

"ನಿನ್ನ ಪಾಲು."

"ಇಪ್ಪತ್ತೈದು ಗುಂಟಿ. ಯಾಕ?"

ನಾನು ಹಡಗಲಿಯವಳು. ನಮ್ಮಲ್ಲಿ ಗುಂಟೆ ಇಲ್ಲ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಇವೆಲ್ಲ ಹಿಂದೊಮ್ಮೆ ಮದ್ರಾಸಿಗೆ ಸೇರಿದ್ದ ನೆಲ. ನಮ್ಮ ಪಹಣಿಯಲ್ಲಿ ಎಕರೆಗೆ ನೂರು ಸೆಂಟು. ಜಗಳೂರಿನ ಗಡಿ ದಾಟಿದರೆ ಹಳೆಯ ಮೈಸೂರು, ಅಲ್ಲಿ ಎಕರೆಗೆ ನಲವತ್ತು ಗುಂಟೆ. ಎರಡು ಕಡೆಯೂ ಎಕರೆಯ ಮುಂದೆ ಒಂದು ಚುಕ್ಕಿ ಇಟ್ಟು ಅಂಕಿ ಬರೆಯುತ್ತಾರೆ, ನೋಡಲು ಒಂದೇ ಥರ. ಗಡಿಯ ಈಚೆ 2.20 ಅಂದರೆ ಎರಡು ಎಕರೆ ಇಪ್ಪತ್ತು ಸೆಂಟು. ಅವಳ ತವರಿನಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, ಒಟ್ಟು ನೂರು ಗುಂಟೆ. ಅದರಲ್ಲಿ ಕಾಲು ಭಾಗ ಇಪ್ಪತ್ತೈದು. ಇಪ್ಪತ್ತೈದನ್ನು ನಲವತ್ತರಿಂದ ಭಾಗಿಸಿದರೆ ಪಾಯಿಂಟ್ ಆರು ಎರಡು ಐದು. ಅವಳು ಮೂರು ಸ್ಥಾನ ಕೇಳಿದ್ದು ಸುಮ್ಮನೆ ಅಲ್ಲ. ಮೂರನೆಯದಕ್ಕೆ ನಾನು ಸೊನ್ನೆ ಸೇರಿಸಿ ಮುಗಿಸಿದ್ದೆ.

ಫೋನಿನಲ್ಲಿ ಅಂಕಿ ಬದಲಿಸಿದೆ. ಚುಕ್ಕಿ ನೀರು ಬಿಟ್ಟು ಉತ್ತರಕ್ಕೆ ಸರಿದು ಏರಿಯ ಮೇಲೆ ಕೂತಿತು.

ಹೇಳಿದೆ. ನನ್ನ ಮೊದಲ ಕರಡಿನಲ್ಲಿ ಅವಳು ಇಲ್ಲಿ ಎದ್ದು ನನ್ನನ್ನು ತಬ್ಬಿಕೊಳ್ಳುತ್ತಾಳೆ. ಹಾಗೇನೂ ಆಗಲಿಲ್ಲ. ಅವಳು ಕೈ ಚಾಚಿ ಫೋನು ತೆಗೆದುಕೊಂಡಳು. ತಾನು ಬರೆದದ್ದನ್ನು ಜ್ವರದ ನಂತರ ಮೊದಲ ಬಾರಿಗೆ ಓದಿದಳು. ತುಟಿ ಅಲ್ಲಾಡುತ್ತಿತ್ತು. ಮತ್ತೆ ಓದಿದಳು. ಆಮೇಲೆ ಫೋನು ವಾಪಸು ಕೊಟ್ಟು, "ನಮ್ಮನಿಯವ್ರಿಗೆ ಹೇಳು, ಗಾಡಿ ತರ್ಲಿ," ಎಂದಳು.

ಲಗೇಜ್ ಆಟೊದಲ್ಲಿ ಮೂವರು ಹೋದೆವು. ಅವಳು ಮುಂದೆ, ಗಂಡನ ಪಕ್ಕದಲ್ಲಿ; ನಾನು ಹಿಂದೆ, ಒಂದು ಕಿಟಕಿಯ ಗ್ರಿಲ್ ಹಿಡಿದುಕೊಂಡು. ಈ ಸಲ ಸುತ್ತು ಹಾಕಿ ಏರಿಯ ಕಡೆಗೆ ಹೋದೆವು. ಬಿಸಿಲಿಗೆ ಕಲ್ಲುಗಳು ಕೈ ಸುಡುತ್ತಿದ್ದವು. ನೀರು ಬಿಡುವ ತೂಬಿನಿಂದ ಸ್ವಲ್ಪ ಈಚೆಗೆ ಒಂದು ಚಪ್ಪಟೆ ಕಲ್ಲನ್ನು ಅವಳ ಗಂಡ ಎತ್ತಿದರು. ಅಡಿಯಲ್ಲಿ ಹಸಿರು ಪೆಟ್ಟಿಗೆ. ಒಂದು ಮೂಲೆಗೆ ತುಕ್ಕು ಹಿಡಿದಿತ್ತು, ಮುಚ್ಚಳದ ಸಂದಿಯಲ್ಲಿ ಇರುವೆ. ಒಳಗೆ ಪೆನ್ಸಿಲ್ಲು, ರಬ್ಬರು, ಕೂದಲಿಗೆ ಹಾಕುವ ಬಣ್ಣದ ಬ್ಯಾಂಡುಗಳು. ಹುಡುಗಿಯರಿಗೆಂದು.

"ನಾ ಏನಂದಿದ್ದೆ?" ಎಂದರು ಅವರು. ಅವರು ಏನೂ ಅಂದಿರಲಿಲ್ಲ.

ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಇದನ್ನ ನಾ ಇಟ್ಟೀನಿ ಅಂತ ಅನ್ನಸವಲ್ದು," ಎಂದಳು. "ಯಾರದೋ ಸಾಮಾನು ನೋಡಿದಂಗ ಆಗತೈತಿ." ಪೆಟ್ಟಿಗೆ ಸಿಕ್ಕರೆ ದಿನಗಳೂ ಸಿಗುತ್ತವೆ ಎಂದು ನಾನು ಒಳಗೊಳಗೇ ನಂಬಿದ್ದೆ. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನೀರಿನ ಆಚೆ ನೋಡುತ್ತ ಕೇಳಿದಳು: "ನೀವು ನಿಂತಿದ್ದು ಎಲ್ಲಿ?"

ತೋರಿಸಿದೆ.

"ಹುಡುಗ್ಯಾರೂ ಅಲ್ಲೇ ನಿಂದರ್ತಿದ್ರು," ಎಂದಳು. "ಅವರೂ ಈ ಕಡೀಯವರು. ಗುಂಟಿ ಅಂದ್ರೇನು ಅಂತ ಯಾರಿಗೂ ಗೊತ್ತಿಲ್ಲ. ನಿನ್ನಂಗ ಐದುನೂರ ಐವತ್ತು ತಗದು ನೀರಿನ ದಂಡಿಗೆ ಬರ್ತಿದ್ರು. ಟೀಚರ್ ಲೆಕ್ಕ ತಪ್ಪಿರಂಗಿಲ್ಲ ಅಂತ ಒಬ್ಬಾಕಿ ಯಾರಾರ ಇಳೀತಿದ್ಲು."

"ಈಗ್ಯಾಕ ಅದೆಲ್ಲ?" ಎಂದರು ಗಂಡ. "ತಲಿ ಸರಿ ಇತ್ತು ಅಂತ ಗೊತ್ತಾತಲ್ಲ. ಅದ ಅಲ್ಲ ನಿನಗ ಬೇಕಾಗಿದ್ದು?"

"ತಲಿ ಸರಿ ಇತ್ತು. ಲೆಕ್ಕ ತಪ್ಪಿತ್ತು. ಏಕಮಾನ ಬರೀದ ಲೆಕ್ಕಕ್ಕ ನಾನು ಯಾರಿಗೂ ಮಾರ್ಕ್ಸ್ ಕೊಟ್ಟಿಲ್ಲ." ಅವಳು ಮುಚ್ಚಳದ ಇರುವೆಗಳನ್ನು ಊದಿ ಹಾರಿಸಿದಳು. "ಲೆಕ್ಕ ತಪ್ಪೋದು, ತಲಿ ತಪ್ಪೋದು, ಎರಡೂ ಒಂದ ಅಂತ ಇಷ್ಟು ದಿನ ತಿಳಕೊಂಡು ಕುಂತಿದ್ದೆ ನೋಡು."

ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಆಗ ಆಗಲಿಲ್ಲ. ನಾವು ಗೆದ್ದು ಬಂದವರ ಹಾಗೆ ಏರಿ ಹತ್ತಿದ್ದೆವು. ಅವಳು ತನ್ನ ಗೆಲುವಿನ ನಡುವೆಯೇ ಒಂದು ನಿಜವಾದ ತಪ್ಪನ್ನು ಹುಡುಕಿಕೊಂಡಿದ್ದಳು, ಮತ್ತು ಅದು ಸಿಕ್ಕಿದ್ದಕ್ಕೆ ಅವಳ ಮುಖ ಹಗುರವಾಗಿತ್ತು. ಜನವರಿಯಿಂದ ಅವಳು ಹೆದರಿದ್ದು ತಪ್ಪಿಗಲ್ಲ, ತಪ್ಪು ಕಾಣದೇ ಹೋಗುವುದಕ್ಕೆ. ಇದು ನಾನು ಆಮೇಲೆ ಕೂಡಿಸಿದ ಅರ್ಥ. ಏರಿಯ ಮೇಲೆ ನನಗೆ ಬಾಯಾರಿಕೆ ಬಿಟ್ಟು ಬೇರೇನೂ ಇದ್ದ ನೆನಪಿಲ್ಲ.

"ಒಂಬತ್ತನೇ ಕ್ಲಾಸಿನ ಗಣಿತ ಯಾರಿಗೆ ಕೊಡ್ತಾರಂತ?" ಎಂದು ಅವಳು ಕೇಳಿದಳು. ಏರಿಯ ಮೇಲೆಯೇ ಕೇಳಿದಳು ಎಂದು ನಾನು, ದಾರಿಯಲ್ಲಿ ಕಬ್ಬಿನ ಹಾಲಿಗೆ ನಿಂತಾಗ ಎಂದು ಅವಳು. ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದೆ. ಹಾಗಾದರೆ ಹೆಡ್‌ಮಾಸ್ತರರಿಗೆ ಹೇಳು ಎಂದಳು.

ಜೂನಿನಲ್ಲಿ ಬಂದಳು. ಅವಳ ತರಗತಿ ನನ್ನ ತರಗತಿಯ ಪಕ್ಕದ್ದು, ನಡುವಿನ ಗೋಡೆ ಮೇಲಿನವರೆಗೆ ಮುಟ್ಟಿಲ್ಲ. ಮೊದಲ ದಿನವೇ ಅವಳು ಹುಡುಗಿಯರಿಗೆ ಹೇಳಿದ್ದು ನನಗೆ ಕೇಳಿತು: ನಾನು ತಪ್ಪಿದೆ ಅನ್ನಿಸಿದರೆ ಕೈ ಎತ್ತಬೇಡಿ, ನೇರವಾಗಿ ನಿಲ್ಲಿಸಿ. ಅವರು ಈ ಅಧಿಕಾರವನ್ನು ಧಾರಾಳವಾಗಿ ಬಳಸುತ್ತಾರೆ. ಕೆಲವು ದಿನ ಅವಳಿಗೆ ಒಂದು ಶಬ್ದ ಸಿಗುವುದಿಲ್ಲ. ಭಾಜಕ ಎನ್ನಲು ಹೋಗಿ ನಿಂತುಬಿಡುತ್ತಾಳೆ, ಯಾರೋ ಒಬ್ಬಳು ಎತ್ತಿ ಕೊಡುತ್ತಾಳೆ. ಕೆಲವು ಸಲ ನಿಜವಾಗಿಯೂ ತಪ್ಪಿರುತ್ತಾಳೆ, ಒಪ್ಪಿಕೊಂಡು ಅಳಿಸುತ್ತಾಳೆ.

ಮೊನ್ನೆ ನಾನು ಪದ್ಯದ ಅರ್ಥ ಬರೆಸುತ್ತಿದ್ದೆ. ಆ ಕಡೆಯಿಂದ "ಟೀಚರ್, ತಪ್ಪು" ಎಂದು ಒಂದು ದನಿ ಬಂತು, ಹಿಂದೆಯೇ ಮತ್ತೆರಡು. ಬೋರ್ಡಿನ ಮೇಲೆ ಚಾಕ್ ನಿಂತಿತು. ನಾನೂ ಬರೆಸುವುದನ್ನು ನಿಲ್ಲಿಸಿದೆ. ಅವಳು ಮೇಲಿನ ಸಾಲಿನಿಂದ ಮತ್ತೆ ಓದುತ್ತಿದ್ದಾಳೆ ಎಂದು ಊಹಿಸಿದೆ.

"ಇಲ್ಲ," ಎಂದಳು. "ಇದು ಸರಿ ಐತಿ. ಕುಂದ್ರು."